ಮೊದಲ ಸಾಲಿನ ಹೆಬ್ಬೆಟ್ಟು

ಸತ್ತವರು ಗುರುತು ಬಿಟ್ಟುಹೋಗುತ್ತಾರೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ.

ಕೊನೆಯ ಸಾದಾ ದಿನ ನೆನಪಿದೆ. ಬೀಳಗಿ ಕಡೆಯ ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿ, ನಾವು ಪುನರ್ವಸತಿ ಕೇಂದ್ರಕ್ಕೆ ಬಂದು ವರ್ಷವಾಗಿತ್ತು. ಅಕ್ಕ ಕಾಶವ್ವ ತಗಡಿನ ಶೆಡ್ಡಿನ ಮುಂದೆ ಜೋಳ ಹಸನು ಮಾಡುತ್ತಿದ್ದಳು. ಮತದಾರರ ಪಟ್ಟಿ ನೋಡಲು ಹೋಗಿದ್ದ ನಾನು ಓಡಿಬಂದು, ಕೇಂದ್ರದ ಒಬ್ಬರ ಹೆಸರೂ ಇಲ್ಲ ಎಂದೆ. ಹಳೆಯ ಊರಿನ ಪಟ್ಟಿ ರದ್ದಾಗಿತ್ತು. ಹೊಸದರಲ್ಲಿ ನಮ್ಮನ್ನು ಬರೆದಿರಲಿಲ್ಲ.

ಅಷ್ಟಿಷ್ಟು ಓದಿದ್ದರಿಂದ ಅರ್ಜಿ ಬರೆಯುವ ಕೆಲಸ ನನ್ನದಾಯಿತು. ಮನೆ ನಂಬರಿನ ಜಾಗದಲ್ಲಿ ಕೇಂದ್ರದ ಪ್ಲಾಟ್ ನಂಬರು ಬರೆಯಬೇಕಿತ್ತು. ಅಕ್ಕ ಒಪ್ಪಲಿಲ್ಲ. "ಈ ಶೆಡ್ಡಿಗೆ ಮನಿ ಅಂತಾರೇನೋ? ನಮ್ಮ ಮನಿ ನಂಬರ ಬರಿ," ಎಂದಳು. ಉಳಿದವರೂ ಮುಳುಗಿದ ಮನೆಗಳ ನಂಬರನ್ನೇ ಬರೆಸಿದರು. ಅಂಥ ಮನೆಗಳೇ ಇಲ್ಲವೆಂದು ಎಲ್ಲ ಅರ್ಜಿಗಳೂ ವಾಪಸು ಬಂದವು.

ತಹಶೀಲ್ದಾರ್ ಕಚೇರಿಯ ಮುಂದೆ ಧರಣಿ ಕೂತೆವು. ಪೊಲೀಸರು ಎರಡು ಸಲ ಎಬ್ಬಿಸಿದರು, ಮತ್ತೆ ಕೂತೆವು. ಗುಮಾಸ್ತನೊಬ್ಬ ನಕ್ಕಾಗ ಅಕ್ಕ, "ಮನಿ ಮುಳುಗ್ಯಾವ್ರಿ ಸಾಹೇಬ್ರ, ನಾವು ಮುಳುಗಿಲ್ಲ. ನಿಮ್ಮ ಎದುರಿಗೇ ಕುಂತೀವಲ್ರೀ," ಎಂದಳು. ದಿನವೂ ಹೊಸ ಮನವಿಗೆ ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸುತ್ತಿದ್ದವನು ನಾನೇ. ಕಬ್ಬು ಕಡಿಯುವಾಗ ಕುಡಗೋಲು ತಾಗಿ ಆ ಬೆರಳಿಗೆ ಅಡ್ಡಗೆರೆ ಬಿದ್ದಿತ್ತು.

ಹನ್ನೊಂದನೆಯ ದಿನ ಬಿಸಿಲಿನಲ್ಲಿ ಕುಸಿದಳು. ಮುಧೋಳದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದಳು. ಅದಾದ ಮೂರನೆಯ ದಿನಕ್ಕೆ, ಮುಳುಗಡೆಯವರನ್ನು ಈಗಿರುವ ಜಾಗದ ಪಟ್ಟಿಗೇ ಸೇರಿಸಬೇಕೆಂದು ಆದೇಶ ಬಂತು.

ಮತದಾನದ ಬೆಳಿಗ್ಗೆ ಸಾಲಿನಲ್ಲಿ ನಾನೇ ಮೊದಲಿದ್ದೆ. ಅಧಿಕಾರಿ ಎಲ್ಲರ ಕಣ್ಣೆದುರೇ ಹೊಸ ರಿಜಿಸ್ಟರ್ ಬಿಚ್ಚಿ, ಸಹಿ ಮಾಡಲು ನನ್ನ ಕಡೆ ತಿರುಗಿಸಿದ. ಅದರ ಮೊದಲ ಸಾಲಿನಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ಪಕ್ಕದಲ್ಲಿ ಮತದಾರರ ನಂಬರಿರಲಿಲ್ಲ. ಮಸಿ ಇನ್ನೂ ಹಸಿಯಾಗಿತ್ತು. ನಡುವೆ ಆ ಅಡ್ಡಗೆರೆ.

"ಇನ್ನೂ ಯಾರೂ ಬಂದಿಲ್ಲಲ್ರೀ," ಎಂದ ಅಧಿಕಾರಿಯ ದನಿ ಇಳಿದಿತ್ತು. ಮಸಿ ಪ್ಯಾಡಿನ ಡಬ್ಬಿಯನ್ನೇ ತೆರೆದಿರಲಿಲ್ಲ. ಪಕ್ಷಗಳ ಏಜೆಂಟರು ಬಗ್ಗಿ ನೋಡಿದರು. ಅದು ಯಾರದೆಂದು ಹೇಳಬೇಕೆನಿಸಿ ನಾನು ಬೆರಳನ್ನು ಅದರತ್ತ ಚಾಚಿದೆ. ಅಷ್ಟರಲ್ಲಿ ಅಧಿಕಾರಿ ಅದರ ಮೇಲೆ ಗೀಟು ಎಳೆದು, ಕೆಳಗಿನ ಸಾಲಿನಲ್ಲಿ ನನ್ನ ಸಹಿ ತೆಗೆದುಕೊಂಡ.

ಮನೆಯಲ್ಲಿ ಉಳಿದ ಒಂದು ಮನವಿಯನ್ನು ತೆಗೆದು ಎಷ್ಟೋ ಸಲ ನೋಡಿದ್ದೇನೆ. ಅದೇ ಗೆರೆ. ಹೇಗಾಯಿತೋ ತಿಳಿಯದು. ಅಂದು ಅಕ್ಕನ ಮಾತು ಮೀರಿ ಪ್ಲಾಟ್ ನಂಬರು ಬರೆದಿದ್ದರೆ ಧರಣಿಯೇ ಬೇಕಾಗುತ್ತಿರಲಿಲ್ಲವೋ ಏನೋ, ಅದೂ ತಿಳಿಯದು. ಆಮೇಲೆ ಬಂದ ಪಟ್ಟಿಗಳಲ್ಲೆಲ್ಲ ನಮ್ಮ ಕೇಂದ್ರದವರ ಹೆಸರಿದೆ. ಕಾಶವ್ವನದು ಒಂದರಲ್ಲೂ ಇಲ್ಲ.