ಶುಕ್ರವಾರ ಇಟ್ಟ ಮ್ಯಾಚು

ಮೊನ್ನೆ ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಕಟ್ಟಡದ ಲಿಫ್ಟಿಗೆ ಕಾಲಿಟ್ಟರೆ ನೋವಿನ ಮುಲಾಮಿನ ಘಾಟು. ಯಾರೋ ಹಚ್ಚಿಕೊಂಡು ಇಳಿದು ಹೋಗಿದ್ದರು. ನನ್ನ ಮಹಡಿ ಬರುವಷ್ಟರಲ್ಲಿ ನಾನು ಇದೇ ಊರಿನ ಮುಐದರ್ ಬಡಾವಣೆಯ ಹಳೆಯ ವಿಲ್ಲಾ ತಲುಪಿಬಿಟ್ಟಿದ್ದೆ.

ತೊಂಬತ್ತರ ದಶಕ ಅದು. ಆ ವಿಲ್ಲಾದ ಒಂದು ಕೋಣೆಯಲ್ಲಿ ನಾನು, ಗದಗಿನ ಶಂಕ್ರಪ್ಪ, ಉಳ್ಳಾಲದ ಇಕ್ಬಾಲ್. ಮೂವರೂ ಧಾರವಾಡದ ಒಂದೇ ಕಾಲೇಜಿನ ಫುಟ್‌ಬಾಲ್ ತಂಡದವರು. ಆಡಿದವರು ಅವರಿಬ್ಬರು, ನಾನು ಬೆಂಚಿನ ಮೇಲೆ ಕೂತು ತರ್ಕಶಾಸ್ತ್ರ ಓದಿದವನು. ಆಗ ಅಂಟಿದ ರೋಗ ಇನ್ನೂ ಬಿಟ್ಟಿಲ್ಲ: ಯಾವುದನ್ನೂ ಸುಲಭಕ್ಕೆ ನಂಬುವುದಿಲ್ಲ, ನನ್ನ ನೆನಪನ್ನಂತೂ ಇಲ್ಲವೇ ಇಲ್ಲ. ನೀವೂ ಕೈಯಲ್ಲೊಂದು ಜರಡಿ ಹಿಡಿದೇ ಕೇಳಿ.

ರಜೆಗೆ ಊರಿಗೆ ಹೋಗಿ ಬಂದ ಶಂಕ್ರಪ್ಪ ಒಂದು ಸುದ್ದಿ ತಂದ. ನಮ್ಮನ್ನು ಆಡಿಸಿ ಬೆಳೆಸಿದ ದೇಸಾಯಿ ಸರ್ ಆ ವರ್ಷ ನಿವೃತ್ತರಾಗುವವರು. ಅವರ ಜೊತೆಗೇ ತಂಡವನ್ನೂ ಮುಗಿಸಿಬಿಡುವ ಯೋಚನೆ ಪ್ರಿನ್ಸಿಪಾಲರಿಗೆ. ನೋಡಲು ನಾಯಿಯೂ ಬಾರದ ಆಟಕ್ಕೆ ತಂಡ ಯಾಕೆ ಎಂಬುದು ಅವರ ವಾದ. ಒಮ್ಮೆ ಮೈದಾನ ತುಂಬಿಸಿ ತೋರಿಸುತ್ತೇನೆ, ಆಮೇಲೆ ಮಾತಾಡೋಣ ಎಂದು ಸರ್ ಹೇಳಿಬಂದಿದ್ದರಂತೆ. ತುಂಬಿಸುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ನಮಗೆ ಗೊತ್ತಿತ್ತು, ಅಥವಾ ಹಾಗೆಂದುಕೊಂಡೆವು. ದೋಹಾದಲ್ಲಿರುವ ಹಳೆಯ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಹೋಗಿ ಈಗಿನ ಹುಡುಗರ ಜೊತೆ ಒಂದು ಮ್ಯಾಚು ಆಡುವುದು. ಗುರುವಾರ ಧಾರವಾಡ, ಸಂಜೆ ಪ್ರ್ಯಾಕ್ಟೀಸು, ಸರ್ ಮನೆಯಲ್ಲಿ ಊಟ. ಮರುದಿನ ಇಕ್ಬಾಲನ ಜುಮ್ಮಾ ನಮಾಜು ಮುಗಿದ ಮೇಲೆ ನಾಲ್ಕಕ್ಕೆ ಆಟ. ಶನಿವಾರ ಅವರವರ ಊರಿಗೆ. ವಿಲ್ಲಾದ ಹಿಂದಿನ ಮರಳಿನಲ್ಲಿ ಓಟ ಶುರುವಾಯಿತು. ಹೊಟ್ಟೆ ಬಂದ ಗಂಡಸರು ಓಡಿದ ಮೇಲೆ ಏನಾಗಬೇಕೋ ಅದೇ ಆಯಿತು. ವಿಲ್ಲಾದ ಮೀನುಸಾರಿನ ವಾಸನೆಯನ್ನು ಮುಲಾಮು ಸೋಲಿಸಿತು.

ಎಲ್ಲರ ಟಿಕೆಟ್ ಆದ ಮೇಲೆ ಸರ್ ಫೋನು ಬಂತು. ನಾವು ಬರೀ ತಾರೀಖು ತಿಳಿಸಿದ್ದೆವು, ಅವರು ಆಗಷ್ಟೇ ಕ್ಯಾಲೆಂಡರು ನೋಡಿದ್ದರು.

“ಶುಕ್ರವಾರ ಬಂತಲ್ಲೋ ಅದು. ಈ ಊರಾಗ ಶುಕ್ರವಾರ ಯಾರಿಗದ ಸೂಟಿ?”

ಮೂವರೂ ಮುಖ ಮುಖ ನೋಡಿಕೊಂಡೆವು. ವಾರದ ರಜೆ ಶುಕ್ರವಾರವೇ ಇರುವ ಇಲ್ಲಿ ವರ್ಷಗಟ್ಟಲೆ ಇದ್ದು, ಶುಕ್ರವಾರವೆಂದರೆ ಮೈ ತಾನಾಗಿ ಹಗುರಾಗುತ್ತಿತ್ತು. ಭಾನುವಾರ ಎಂಬುದು ಬೆಳಗಾಗುವ ಮೊದಲೇ ಕಂಪನಿ ಬಸ್ಸು ಹತ್ತುವ ಇನ್ನೊಂದು ದಿನ. ಲೋಕಕ್ಕೆಲ್ಲ ಹಾಗೆಯೇ ಎಂದುಕೊಂಡಿದ್ದೆವು, ತರ್ಕಶಾಸ್ತ್ರ ಓದಿದವನೂ ಸೇರಿ. “ಖಲಾಸ್ ಮಾರಾಯ” ಎಂದ ಇಕ್ಬಾಲ್, “ಇನ್ನು ಆ ನಾಯಿಯೂ ಬರುವುದಿಲ್ಲ.”

ಕೇಡು ಒಂಟಿಯಾಗಿ ಬರಲಿಲ್ಲ. ಶಂಕ್ರಪ್ಪನ ಮೊಣಕಾಲು ಉಳುಕಿತು. ಗ್ಯಾಸ್ ಪ್ಲಾಂಟಿನಲ್ಲಿ ಶಟ್‌ಡೌನ್ ಕೆಲಸ ಬಂದು ನನ್ನ ಮೇಲಧಿಕಾರಿ ರಜೆ ಮಾಫಿ, ಅಂದರೆ ಇಲ್ಲವೇ ಇಲ್ಲ, ಎಂದುಬಿಟ್ಟ. ಇಕ್ಬಾಲ್ ಮತ್ತು ಉಳಿದವರ ಜೊತೆ ಶಂಕ್ರಪ್ಪ ಕುಂಟುತ್ತಲೇ ವಿಮಾನ ಹತ್ತಿದ. ಮೈದಾನದ ಎದುರಿನ ಎಸ್‌ಟಿಡಿ ಬೂತಿನಿಂದ ಆಟ ಹೇಳುತ್ತೇನೆ ಎಂದ.

ಆ ದಿನ ನಮಗೆ ಊಟದ ಹೊತ್ತು, ಅಲ್ಲಿ ನಾಲ್ಕು ದಾಟಿತ್ತು. ನಾನು ಬೂತಿಗೆ ಫೋನು ಹಚ್ಚಿದೆ. ವಿಲ್ಲಾದಲ್ಲಿ ಉಳಿದವರೆಲ್ಲ ಕೈಯಲ್ಲಿ ತಟ್ಟೆ ಹಿಡಿದು ಸುತ್ತ ನಿಂತರು. ಗೋಲು ಎಷ್ಟು ಎಂದರೆ ಶಂಕ್ರಪ್ಪ ಗೋಲು ಹೇಳುತ್ತಲೇ ಇಲ್ಲ.

“ಮಂದಿ ಐತಿ ಲೇ. ಕಾಂಪೌಂಡ್ ಮ್ಯಾಲೂ ಮಂದಿ ಐತಿ.”

ನಡೆದದ್ದು ಇಷ್ಟು. ಕೊನೆಯ ಕ್ಲಾಸು ಬಿಟ್ಟು ಹುಡುಗ ಹುಡುಗಿಯರೆಲ್ಲ ಬಸ್‌ಸ್ಟಾಪಿಗೆ ಮೈದಾನದ ಮೇಲೇ ಹೋಗಬೇಕು. ಅಲ್ಲಿ ಅರಬಸ್ತಾನದಿಂದ ಬಂದ ಡೊಳ್ಳುಹೊಟ್ಟೆಯವರು ಹುಡುಗರ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದಾರೆ. ಬಸ್ಸು ಬಂತು, ಹೋಯಿತು, ಯಾರೂ ಹತ್ತಲಿಲ್ಲ. ಭಾನುವಾರವಾಗಿದ್ದರೆ ಅಲ್ಲಿ ಕಾವಲುಗಾರನೊಬ್ಬನೇ ಇರುತ್ತಿದ್ದ.

ಗೋಲು ಒಂದಕ್ಕೊಂದು ಸಮ ಆಗಿತ್ತು. ಕೊನೆಗೆ ಹುಡುಗರಿಗೆ ಪೆನಾಲ್ಟಿ ಸಿಕ್ಕಿತು, ನಮ್ಮ ಗೋಲು ಕಾಯುತ್ತಿದ್ದ ಇಕ್ಬಾಲ್ ಎಡಕ್ಕೆ ಹಾರಿ ತಡೆದ. ಫೋನಿನಲ್ಲಿ ಒಂದು ಮೊರೆತ ಎದ್ದಿತು. ವಿಲ್ಲಾದಲ್ಲಿ ಯಾರದೋ ತಟ್ಟೆ ಕೆಳಗೆ ಬಿತ್ತು. ಮೊರೆತ ಅಡಗಿದ ಮೇಲೆ ಶಂಕ್ರಪ್ಪನ ದನಿ ಬಂತು, ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

“ಪ್ರಿನ್ಸಿಪಾಲ್ರು ಬಂದಾರ. ಕೂಡಾಕ ಜಾಗಾನ ಇಲ್ಲ. ದೇಸಾಯಿ ಸರ್ ತಮ್ಮ ಕುರ್ಚಿ ಕೊಟ್ಟು ತಾವು ನಿಂತಾರ.”

ತಂಡ ಉಳಿಯಿತು. ಇಂದಿಗೂ ಇದೆ ಎಂದು ಕೇಳುತ್ತೇನೆ.

ನನ್ನ ತಕರಾರು ಬೇರೆ. ಇಕ್ಬಾಲ್ ಹಾರಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ: ಕೆಂಪು ಧೂಳು, ಹಸಿರು ಜೆರ್ಸಿ, ಬಲೆಯ ತೂತು. ಫೋನು ಹಿಡಿದು ಮುಐದರಿನಲ್ಲಿ ನಿಂತವನಿಗೆ ಇದು ಕಂಡದ್ದೆಲ್ಲಿಂದ? ಲಿಫ್ಟಿನಿಂದ ಇಳಿದು ಮನೆಗೆ ಹೋದವನೇ ಉಳ್ಳಾಲಕ್ಕೆ ಫೋನು ಹಚ್ಚಿದೆ. ಜೆರ್ಸಿಯ ಬಣ್ಣ ಯಾವುದಿತ್ತು ಎಂದು ಇಕ್ಬಾಲನನ್ನು ಕೇಳಿದೆ.

“ಎಂಥ ಕೇಳುವುದು ಮಾರಾಯ? ನೀನೇ ಗೋಲಿನ ಹಿಂದೆ ನಿಂತು ಬೊಬ್ಬೆ ಹೊಡೆದದ್ದಲ್ಲವಾ, ಎಡಕ್ಕೆ ಹಾರು ಅಂತ. ಹಾಗೆ ಹಾರಿದ್ದು ನಾನು.”

ತಿದ್ದಬೇಕಿತ್ತು. ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಆ ದಿನ ಆ ಮೈದಾನ ತುಂಬಲು ಬೇಕಾಗಿದ್ದದ್ದು ತಲೆಗಳು. ಇಕ್ಬಾಲ್ ಇಷ್ಟು ವರ್ಷ ನನ್ನದೊಂದನ್ನೂ ಅಲ್ಲಿ ಸೇರಿಸಿಕೊಂಡೇ ಲೆಕ್ಕ ಹಾಕಿದ್ದಾನೆ.

“ಹೌದು” ಎಂದೆ, “ನೀನು ಬಲಕ್ಕೆ ಹಾರುವ ಹಾಗೆ ಕಂಡೆ. ಅದಕ್ಕೇ ಕೂಗಿದೆ.”