ಊಟದ ಹೊತ್ತಿನ ಗಿಟಾರು

ಅಣ್ಣನ ತಿಥಿ ಕಾರ್ಯವೆಲ್ಲ ಮುಗಿದು, ಬೀದಿಗೆ ಹಾಕಿದ್ದ ಶಾಮಿಯಾನ ಬಿಚ್ಚಿಕೊಂಡು ಹೋದ ಮೇಲೆ ಅತ್ತಿಗೆ ನನ್ನನ್ನು ಒಳಗೆ ಕರೆದರು. ಅಣ್ಣ ಅಂದರೆ ನನ್ನ ಒಡಹುಟ್ಟಿದವರಲ್ಲ, ನಮ್ಮ ಆರ್ಕೆಸ್ಟ್ರಾದ ಗಿಟಾರ್ ವಾದಕರು. ನಾನು ಅವರ ಬೆನ್ನ ಹಿಂದೆ ಕೂತು ವರ್ಷಾನುಗಟ್ಟಲೆ ಡ್ರಮ್ಸ್ ಬಾರಿಸಿದವನು. ಮುಳಬಾಗಿಲಿನ ಆ ವಠಾರದ ಮನೆಯಲ್ಲಿ ಬೀರುವಿನ ಪಕ್ಕ ಒರಗಿಸಿಟ್ಟಿದ್ದ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಅತ್ತಿಗೆ ತೋರಿಸಿದರು.

"ಇದು ದೊಡ್ಡ ಸೌಂಡಲ್ಲಿ ಹೆಂಗಿರ್ತಿತ್ತು ಅಂತ ನಾನು ಕೇಳೇ ಇಲ್ಲ ಕಣಪ್ಪಾ. ಎಲ್ಲಾದ್ರೂ ರೆಕಾರ್ಡಿಂಗ್ ಇದ್ರೆ ಒಂದ್ಸಲ ತಂದು ಕೇಳಿಸ್ತೀಯಾ?" ಎಂದರು.

ಗಿಟಾರ್ ನುಡಿಸುವವರ ಹೆಂಡತಿ ಗಿಟಾರ್ ಕೇಳಿಲ್ಲ ಅಂದರೆ ನಂಬುವುದು ಹೇಗೆ? ಆಮೇಲೆ ಯೋಚಿಸಿದಾಗ ಹೌದಲ್ಲ ಅನ್ನಿಸಿತು. ಎಲೆಕ್ಟ್ರಿಕ್ ಗಿಟಾರಿನ ಮೈ ಗಟ್ಟಿ ಹಲಗೆ, ಒಳಗೆ ಪೊಳ್ಳಿಲ್ಲ. ಆಂಪ್ಲಿಫೈಯರಿಗೆ ವೈರು ಸಿಕ್ಕಿಸದಿದ್ದರೆ ಅದರ ಸದ್ದು ಬೆಂಕಿಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮೀಟಿದಷ್ಟೇ. ಆಂಪ್ಲಿಫೈಯರು ನಮ್ಮದಲ್ಲ, ಸೌಂಡ್ ಸಿಸ್ಟಮ್‌ನವರದು. ಕಾರ್ಯಕ್ರಮ ಮುಗಿಯುತ್ತಲೇ ಅದು ಅವರ ಟೆಂಪೋ ಹತ್ತಿ ಹೋಗಿಬಿಡುತ್ತಿತ್ತು. ಮನೆಯಲ್ಲಿ ಅಣ್ಣ ಮೀಟುತ್ತಿದ್ದುದು ಬೆಂಕಿಪೊಟ್ಟಣದ ಸದ್ದನ್ನೇ. ಮದುವೆಯಾದಂದಿನಿಂದ ಅತ್ತಿಗೆ ಕೇಳಿದ್ದೂ ಅಷ್ಟನ್ನೇ.

ಅದಕ್ಕೇನಂತೆ ಅತ್ತಿಗೆ, ಒಂದು ವಾರದಲ್ಲಿ ತಂದುಕೊಡುತ್ತೇನೆ ಎಂದು ಜಂಬದಿಂದಲೇ ಹೇಳಿ ಬಂದೆ. ಕೋಲಾರದಿಂದ ಈಚೆಗೆ ನಾವು ನುಡಿಸದ ಕಲ್ಯಾಣ ಮಂಟಪವಿರಲಿಲ್ಲ. ಯಾವ ಮದುವೆಗೆ ವಿಡಿಯೋ ಇರಲಿಲ್ಲ ಹೇಳಿ? ನಮ್ಮನ್ನು ಬೇಕಾದಷ್ಟು ಜನ ಹಿಡಿದಿಟ್ಟುಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ.

ಅಣ್ಣ ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಕಾಲೊನಿಯಲ್ಲಿ. ಅವರ ತಂದೆಗೆ ಗಣಿಯ ಸಾಹೇಬರೊಬ್ಬರು ಊರು ಬಿಡುವಾಗ ಒಂದಿಷ್ಟು ರೆಕಾರ್ಡುಗಳನ್ನು ಕೊಟ್ಟು ಹೋಗಿದ್ದರಂತೆ. ಅಮೆರಿಕದ ಕಪ್ಪು ಜನರ ಹಾಡುಗಳು, ಬ್ಲೂಸ್ ಅಂತ. ಅದನ್ನು ಕೇಳಿ ಕೇಳಿಯೇ ಅಣ್ಣ ಗಿಟಾರ್ ಕಲಿತದ್ದು. ಗಣಿ ಮುಚ್ಚಿದ ಮೇಲೆ ಮುಳಬಾಗಿಲಿಗೆ ಬಂದು ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟರು. ತಾಯಲೂರು ಕಡೆಯ ರೈತರ ಮನೆಯ ಹೆಣ್ಣನ್ನು ಮದುವೆಯಾದರು. ಹಗಲೆಲ್ಲ ತಾಮ್ರದ ತಂತಿ, ಸಂಜೆಗೆ ಗಿಟಾರಿನ ತಂತಿ. ಎರಡಕ್ಕೂ ಅದೇ ಬೆರಳುಗಳು.

ನನಗೆ ಬ್ಲೂಸಿನ ಗಂಧಗಾಳಿ ಇರಲಿಲ್ಲ. ಏನಣ್ಣ ಇದು, ಒಂದೇ ಗತ್ತನ್ನು ಸುತ್ತಿ ಸುತ್ತಿ ನುಡಿಸ್ತೀರಲ್ಲ ಎಂದು ಒಮ್ಮೆ ಕೇಳಿದ್ದೆ. ಅವರು ನಕ್ಕು, "ಲೇ, ಒಂದೇ ದೂರನ್ನ ಎರಡು ಸಲ ಹೇಳ್ಬೇಕು ಕಣೋ. ಯಾರೂ ಉತ್ತರ ಕೊಡಲ್ಲ. ಮೂರನೇ ಸಲ ನೀನೇ ಒಂದು ಉತ್ತರ ಹೇಳ್ಕೊಂಡು ಸುಮ್ನಾಗ್ಬೇಕು" ಎಂದಿದ್ದರು. ಅವತ್ತಿನಿಂದ ಅದಕ್ಕೆ ಡ್ರಮ್ಸ್ ಹೇಗೆ ಹಿಡಿಯಬೇಕೆಂದು ನನಗೆ ಗೊತ್ತಾಯಿತು.

ಆದರೆ ಮದುವೆ ಮನೆಯಲ್ಲಿ ಬ್ಲೂಸ್ ಯಾರಿಗೆ ಬೇಕು? ಗಣೇಶನ ಹಬ್ಬದ ಸ್ಟೇಜುಗಳಿಗೆ ಬೆಂಗಳೂರಿನ ದೊಡ್ಡ ತಂಡಗಳು ಬರುತ್ತಿದ್ದವು. ನಮಗೆ ಸಿಗುತ್ತಿದ್ದುದು ರಿಸೆಪ್ಷನ್‌ಗಳೇ. ಅಲ್ಲಿ ಕನ್ನಡ, ತೆಲುಗು ಸಿನಿಮಾ ಹಾಡು ಬಿಟ್ಟರೆ ಬೇರೆ ಮಾತಿಲ್ಲ. ಅಣ್ಣನಿಗೆ ಉಳಿಯುತ್ತಿದ್ದುದು ಒಂದೇ ಸಂದು. ಊಟದ ಪಂಕ್ತಿ ಶುರುವಾದಾಗ ಹಾಡುವವರಿಬ್ಬರೂ ಮೈಕ್ ಇಟ್ಟು ಎಲೆಗೆ ಓಡುತ್ತಿದ್ದರು. ಸ್ಟೇಜು ಸುಮ್ಮನಿದ್ದರೆ ಗಂಡಿನ ಕಡೆಯವರು ಗೊಣಗುತ್ತಾರೆ. ಆ ಹೊತ್ತಿಗೆ ಅಣ್ಣ, ಕೀಬೋರ್ಡಿನವನು ಮತ್ತು ನಾನು ಏನಾದರೂ ನುಡಿಸುತ್ತಿರಬೇಕಿತ್ತು. ಆ 'ಏನಾದರೂ' ಅನ್ನುವುದೇ ಬ್ಲೂಸ್. ಎದುರಿಗೆ ಖಾಲಿ ಕುರ್ಚಿಗಳು, ಚಪ್ಪಲಿ ಕಾಯುವ ಒಂದಿಬ್ಬರು ಮುದುಕರು, ಮಲಗಿದ ಮಗು. ಅಷ್ಟೇ ನಮ್ಮ ಸಭೆ. ಅಣ್ಣ ಅವರಿಗೇ ಜೀವ ತೇದು ನುಡಿಸುತ್ತಿದ್ದರು.

ಅತ್ತಿಗೆ ಮಾತ್ರ ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ. ಗಂಡನ ಈ ಕೆಲಸ ಅವರಿಗೆ ಹಿಡಿಸದು, ಆರ್ಕೆಸ್ಟ್ರಾದವನ ಹೆಂಡತಿ ಅನ್ನಿಸಿಕೊಳ್ಳಲು ನಾಚಿಕೆ ಎಂದು ನಾವು ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ಟೆಂಪೋದಲ್ಲಿ ವಾಪಸು ಬರುವಾಗ ಆ ಮಾತೆತ್ತಿದರೆ ಅಣ್ಣ ಕಿಟಕಿಯ ಆಚೆ ನೋಡುತ್ತಿದ್ದರು.

ನಮ್ಮದೇ ಒಂದು ರೆಕಾರ್ಡಿಂಗ್ ಮಾಡಬೇಕೆಂಬ ಆಸೆ ಎಲ್ಲರಿಗೂ ಇತ್ತು. ಆಷಾಢ ಬರಲಿ, ಮದುವೆಗಳಿರುವುದಿಲ್ಲ, ಬೆಂಗಳೂರಿಗೆ ಹೋಗಿ ಸ್ಟುಡಿಯೋದಲ್ಲಿ ಕೂತು ಅಣ್ಣನ ಬ್ಲೂಸನ್ನೇ ಹಾಕಿಸೋಣ ಅನ್ನುತ್ತಿದ್ದೆವು. ಆಷಾಢ ಬಂದರೆ ಕೀಬೋರ್ಡಿನವನು ರಾಗಿ ಬಿತ್ತನೆಗೆ ಊರಿಗೆ ಹೋಗುತ್ತಿದ್ದ. ನಾನು ಹಿಪ್ಪುನೇರಳೆ ಸೊಪ್ಪು ಕೊಯ್ಯುವುದರಲ್ಲಿ ಮುಳುಗಿರುತ್ತಿದ್ದೆ. ಮುಂದಿನ ಆಷಾಢಕ್ಕೆ ಆದೀತು ಅನ್ನುತ್ತಾ ಅನ್ನುತ್ತಾ ಡಿಜೆಗಳು ಬಂದವು. ಒಂದು ಲ್ಯಾಪ್‌ಟಾಪ್, ನಾಲ್ಕು ಡಬ್ಬ, ಅಷ್ಟರಲ್ಲಿ ಮದುವೆ ಮುಗಿಯತೊಡಗಿತು. ನಮ್ಮನ್ನು ಬೇಡ ಅಂತ ಯಾರೂ ಹೇಳಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ನಾನು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಅಣ್ಣ ಮೋಟಾರು ಸುತ್ತುತ್ತಾ ಉಳಿದರು. ಕಳೆದ ವರ್ಷ ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

ಹುಡುಕಾಟ ಶುರುವಾದದ್ದು ಕೋಲಾರದಲ್ಲಿ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮದುವೆಗೆ ನಾವೇ ನುಡಿಸಿದ್ದೆವು. ಅವರ ಮನೆಯಲ್ಲಿ ಕಾಫಿ ಕೊಟ್ಟು ಮದುವೆ ಸೀಡಿ ಹಾಕಿದರು. ಅಣ್ಣ ಪರದೆಯ ಮೇಲೆ ಬಂದರು. ಕಣ್ಣು ಮುಚ್ಚಿಕೊಂಡು, ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಹಿಡಿದು ತಲೆಯಾಡಿಸುತ್ತಿದ್ದಾರೆ. ಕೇಳಿಸುತ್ತಿರುವುದು ಮಾತ್ರ ಆಮೇಲೆ ಮೇಲಿನಿಂದ ಹಾಕಿದ ಸಿನಿಮಾದ ಒಂದು ಡ್ಯುಯೆಟ್. ಅಷ್ಟರಲ್ಲಿ ಮದುಮಗಳ ಮುಖ ಹೃದಯದ ಆಕಾರದೊಳಗೆ ಗಿರಗಿರನೆ ಸುತ್ತುತ್ತಾ ಬಂದು ಅಣ್ಣನನ್ನು ಮುಚ್ಚಿಬಿಟ್ಟಿತು. ಆ ಮನೆಯವರಿಗೆ ಖುಷಿಯೋ ಖುಷಿ. ನಾನು ಕಾಫಿ ಲೋಟ ಕೆಳಗಿಟ್ಟೆ.

ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯವರ ಮನೆಯಲ್ಲೂ ಅದೇ ಕಥೆ. ಅಲ್ಲಿ ತಾಳಿ ಕಟ್ಟುವಾಗಿನ ವಾಲಗದ ಮೇಲೂ ಸಿನಿಮಾ ಹಾಡು ಹಾಕಿದ್ದರು. ಇನ್ನು ಗಿಟಾರಿನ ಪಾಡೇನು? ನನ್ನ ಮದುವೆಯ ವಿಡಿಯೋ ನೋಡುವ ಪ್ರಶ್ನೆಯೇ ಇರಲಿಲ್ಲ. ನಾನು ಧಾರೆ ಎರೆಸಿಕೊಂಡದ್ದು ಆವನಿಯ ದೇವಸ್ಥಾನದಲ್ಲಿ, ಬೆಳಗ್ಗೆ. ಮದುಮಗನೇ ಡ್ರಮ್ಸ್ ಬಾರಿಸುವುದು ಚೆನ್ನಾಗಿರುವುದಿಲ್ಲ ಎಂದು ಆರ್ಕೆಸ್ಟ್ರಾ ಇಡಲಿಲ್ಲ. ಅತ್ತಿಗೆ ಆ ಮದುವೆಗೆ ಬಂದಿದ್ದರು. ಹೊಸ ಸೀರೆ ಉಟ್ಟು, ಅಣ್ಣನ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಅವತ್ತು ಆರ್ಕೆಸ್ಟ್ರಾ ಇಟ್ಟಿದ್ದರೆ ಅತ್ತಿಗೆ ಕೇಳಿಬಿಡುತ್ತಿದ್ದರು.

ಕೊನೆಗೆ ಮುಳಬಾಗಿಲಿನ ವಿಡಿಯೋದವನೊಬ್ಬನ ಅಂಗಡಿಗೇ ನುಗ್ಗಿ ಜಗಳ ಕಾದೆ. ನಮ್ಮ ಸದ್ದನ್ನು ಅಳಿಸಿ ಹಾಕಲು ನಿಮಗೆ ಹೇಳಿದವರು ಯಾರು ಎಂದು ಕೇಳಿದೆ. ಅವನು ತಾಳ್ಮೆಯಿಂದಲೇ ಕೂರಿಸಿ, ಮಿಕ್ಸಿಂಗ್ ಅಂದರೆ ಏನೆಂದು ತಿಳಿಸಿ ಹೇಳಿದ. ಮಂಟಪದ ಸದ್ದನ್ನು ಹಾಗೇ ಇಟ್ಟರೆ ಪಾತ್ರೆ ಬಡಿಯುವುದು, ಮಕ್ಕಳು ಅಳುವುದು, ನೆಂಟರು ನೆಂಟರನ್ನು ಬೈಯುವುದು ಎಲ್ಲ ಕೇಳಿಸುತ್ತದೆ, ಮದುವೆಯವರು ಸೀಡಿಯನ್ನು ಮುಖಕ್ಕೆ ಎಸೆಯುತ್ತಾರೆ ಎಂದ. ಅದಕ್ಕೇ ಮೊದಲಿನಿಂದ ಕೊನೆಯವರೆಗೂ ಸಿನಿಮಾ ಹಾಡು ಹಾಕಿಬಿಡುವುದು ರೂಢಿ. ಕ್ಯಾಮೆರಾದ ಮೂಲ ಕ್ಯಾಸೆಟ್ಟುಗಳ ಮೇಲೆ ಮುಂದಿನ ಮದುವೆಯನ್ನು ತುಂಬಿಕೊಳ್ಳುವುದೂ ರೂಢಿ. ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ನಮ್ಮ ಇಷ್ಟು ವರ್ಷದ ದುಡಿಮೆ ಅವರ ಲೆಕ್ಕದಲ್ಲಿ ಪಾತ್ರೆ ಸದ್ದಿನ ಜೊತೆಗೆ ಸೇರಿತ್ತು.

ಒಂದು ವಾರ ಅಂದದ್ದು ತಿಂಗಳುಗಳಾದವು. ಅತ್ತಿಗೆ ಎದುರಿಗೆ ಸಿಕ್ಕಾಗ ಕೇಳುತ್ತಿರಲಿಲ್ಲ. ನಾನೇ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ಸಿಕ್ಕಿದ್ದು ಶ್ರೀನಿವಾಸಪುರದಲ್ಲಿ. ಅಲ್ಲಿ ಹಿಂದೆ ಮದುವೆ ವಿಡಿಯೋ ಮಾಡುತ್ತಿದ್ದವನು ಈಗ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾನೆ. ತೆಲುಗಿನಲ್ಲಿ ಮಾತು ಶುರು ಮಾಡಿ, ನಾನು ಬಂದ ವಿಷಯ ಕೇಳಿ ಕನ್ನಡಕ್ಕೆ ಇಳಿದ. ಮಿಕ್ಸಿಂಗ್ ಮಾಡದೆ ಉಳಿದದ್ದು ಒಂದೇ ಮದುವೆಯದು ಎಂದು ಸಂಕೋಚದಿಂದ ಹೇಳಿದ. ಹುಡುಗ ಹುಡುಗಿ ಕೂಡಿ ಬಾಳಲಿಲ್ಲವಂತೆ. ತಿಂಗಳೊಳಗೆ ಬೇರೆಯಾದರಂತೆ. ಎರಡೂ ಕಡೆಯವರು ವಿಡಿಯೋ ಕೇಳಿಕೊಂಡು ಬರಲೇ ಇಲ್ಲ. ಆ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ ತುಂಬಲು ಇವನಿಗೂ ಮನಸ್ಸಾಗಲಿಲ್ಲ, ಅಪಶಕುನ ಅಂತ. ಅಟ್ಟದ ಮೇಲಿನಿಂದ ಇಳಿಸಿ, ಹಳೆಯ ಕ್ಯಾಮೆರಾಕ್ಕೆ ಹಾಕಿ ನೋಡಿದ. ಆ ಮದುವೆಗೆ ನುಡಿಸಿದವರು ನಾವೇ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟ. ಯಾರದೋ ಮನೆ ಮುರಿದದ್ದರಿಂದ ನಮ್ಮ ಸದ್ದು ಉಳಿದಿತ್ತು. ಅದಕ್ಕೆ ಖುಷಿಪಟ್ಟ ನನ್ನ ಬಗ್ಗೆ ನನಗೇ ಬೇಸರವಾಯಿತು.

ಭಾನುವಾರ ಮಧ್ಯಾಹ್ನ ಅತ್ತಿಗೆಯ ಮನೆಗೆ ಹೋದೆ. ಟಿವಿಗೆ ಪೆನ್‌ಡ್ರೈವ್ ಹಾಕಿ ಇಬ್ಬರೂ ಕೂತೆವು. ಆರತಕ್ಷತೆ, ಫೋಟೊಗೆ ನಿಲ್ಲುವ ಸಾಲು, ನಮ್ಮ ಹಾಡುಗಳು. ಅಣ್ಣ ಕಾಣಿಸಿದಾಗ ಅತ್ತಿಗೆ ಮುಂದಕ್ಕೆ ಸರಿದು ಕೂತರು. ಈ ಸದ್ದುಗಳಲ್ಲಿ ಅವರದು ಯಾವುದು ಎಂದು ಕೇಳಿದರು. ಕೀಬೋರ್ಡು, ಹಾಡು, ನನ್ನ ಡ್ರಮ್ಸಿನ ಗದ್ದಲದಲ್ಲಿ ನಾನು ಇದೋ ಇದು, ಇದೋ ಇದು ಎಂದು ಬೆರಳೆತ್ತಿ ತೋರಿಸಬೇಕಾಯಿತು.

ಸ್ವಲ್ಪ ಹೊತ್ತಿಗೆ ಹಾಡುವವರು ಮೈಕ್ ಇಟ್ಟು ಊಟಕ್ಕೆ ಹೋದರು. ಅಣ್ಣ ಆಂಪ್ಲಿಫೈಯರಿನ ಕಿವಿ ತಿರುಗಿಸಿ, ನನ್ನ ಕಡೆ ಒಮ್ಮೆ ನೋಡಿ ಶುರು ಮಾಡಿದರು. ಇನ್ನೇನು ಅನ್ನುವಷ್ಟರಲ್ಲಿ ಕ್ಯಾಮೆರಾ ತಿರುಗಿತು. ಖಾಲಿ ಕುರ್ಚಿಗಳನ್ನು ದಾಟಿ, ಮೆಟ್ಟಿಲಿಳಿದು ಊಟದ ಹಾಲಿಗೆ ಹೊರಟುಹೋಯಿತು. ಎಲೆಗಳ ಸಾಲು, ಬಕೆಟ್ ಹಿಡಿದು ಓಡುವ ಬಡಿಸುವವರು, ಅನ್ನ, ಸಾರು, ಮಜ್ಜಿಗೆ. ಅಣ್ಣನ ಗಿಟಾರು ಗೋಡೆಯ ಆಚೆಯಿಂದ ಕೇಳಿಸುತ್ತಿತ್ತು.

ಇದು ಶ್ರೀನಿವಾಸಪುರದಲ್ಲೇ ನನಗೆ ಗೊತ್ತಾಗಿತ್ತು. ಆದರೂ ಇದನ್ನು ಬಿಟ್ಟರೆ ಕೊಡಲು ಬೇರೇನೂ ಇರಲಿಲ್ಲ. ಕ್ಯಾಮೆರಾದವನು ಇಲ್ಲಿ ಕೈಕೊಟ್ಟ ಅತ್ತಿಗೆ, ತಪ್ಪು ತಿಳಿಯಬೇಡಿ ಎಂದು ಶುರು ಮಾಡಿದೆ. ಅವರು ಸುಮ್ಮನಿರು ಎಂದು ಕೈ ಎತ್ತಿದರು. ಟಿವಿಯ ಸದ್ದನ್ನು ಕೊನೆಯವರೆಗೂ ಏರಿಸಿದರು. ಪಾತ್ರೆ, ಲೋಟ, ಸಾಂಬಾರ್ ಸಾಂಬಾರ್ ಅನ್ನುವ ಕೂಗು, ಇವೆಲ್ಲದರ ಹಿಂದೆ ಗಿಟಾರು ಒಂದು ಮಾತನ್ನು ಹೇಳಿತು. ಅದನ್ನೇ ಇನ್ನೊಮ್ಮೆ ಹೇಳಿತು. ತಂತಿ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲೇ ನಿಂತು ನಡುಗಿತು. ಅತ್ತಿಗೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ. ನಾನೂ ಅತ್ತೆ. ನಮ್ಮ ಸದ್ದು ಇಷ್ಟು ಚೆನ್ನಾಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಆಗ ಅವರು ಟಿವಿಯ ಮೇಲಿನ ಕಣ್ಣು ತೆಗೆಯದೆಯೇ ಹೇಳಿದರು. "ನಿಮ್ಮಣ್ಣ ಪ್ರತಿ ಸಲಾನೂ ಕರೀತಿದ್ರು ಕಣಪ್ಪಾ. ಬಾರೇ, ಒಂದ್ಸಲ ಬಂದು ಕೇಳೇ ಅಂತ. ಮದುವೆ ಮನೆಯೋರು ಕರೀದೆ ಹೆಂಗೆ ಬರೋದು ಅಂತ ನಾನು. ಊಟ ಮಾಡ್ಬೇಡ, ಸುಮ್ನೆ ಕೇಳ್ಕೊಂಡು ಬಂದ್ಬಿಡು ಅಂತ ಅವ್ರು. ಮದುವೆ ಮನೆಗೆ ಹೋಗಿ ಉಣ್ಣದೆ ಎದ್ದು ಬಂದ್ರೆ ಆ ಮನೇಗೆ ಒಳ್ಳೇದಾಗ್ತದಾ? ಉಂಡ್ರೂ ತಪ್ಪು, ಉಣ್ಣದಿದ್ರೂ ತಪ್ಪು. ಅದಕ್ಕೇ ಬರ್ಲಿಲ್ಲ."

ನಾಚಿಕೆ ಎಂದು ನಾವು ಟೆಂಪೋದಲ್ಲಿ ಆಡಿಕೊಂಡದ್ದು ಇದನ್ನು. ಅಣ್ಣ ನಮಗೆ ಯಾಕೆ ಬಿಡಿಸಿ ಹೇಳಲಿಲ್ಲವೋ. ಹೇಳಿದ್ದರೆ ನಾವೇ ಯಾವುದಾದರೂ ಮದುವೆಯವರ ಕಿವಿಗೆ ಹಾಕಿ ಒಂದು ಪತ್ರಿಕೆ ಕೊಡಿಸುತ್ತಿದ್ದೆವು. ಅರಿಸಿನ ಕುಂಕುಮ ಹಚ್ಚಿದ ಒಂದು ಕಾಗದದ ಕೆಲಸ ಅದು.

ಪರದೆಯ ಮೇಲೆ ಒಂದು ಪಂಕ್ತಿ ಎದ್ದು, ಇನ್ನೊಂದು ಪಂಕ್ತಿ ನುಗ್ಗುತ್ತಿತ್ತು. ಯಾರೋ ಹೆಂಗಸು ಕುರ್ಚಿಗೆ ಸೆರಗು ಹಾಸಿ ಜಾಗ ಹಿಡಿದಿದ್ದಳು. ಬಡಿಸುವವನು ಯಾರ ಮುಖವನ್ನೂ ನೋಡದೆ ಎಲೆಯಿಂದ ಎಲೆಗೆ ಅನ್ನ ಹಾಕುತ್ತಾ ಹೋಗುತ್ತಿದ್ದ. ಅತ್ತಿಗೆ ಅದನ್ನೇ ಬಹಳ ಹೊತ್ತು ನೋಡಿದರು.

"ಇಷ್ಟು ಜನದಲ್ಲಿ ನಾನೊಬ್ಳು ಹೋಗಿ ಕೂತಿದ್ರೆ ಯಾರಾದ್ರೂ ಕೇಳ್ತಿದ್ರೇನಪ್ಪಾ?"

ನಾನು ಎಷ್ಟೋ ಮದುವೆಗಳ ಊಟದ ಹಾಲುಗಳನ್ನು ನೋಡಿದವನು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿರಬೇಕು ಅಂದುಕೊಳ್ಳುತ್ತಾರೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿರಬೇಕು ಅಂದುಕೊಳ್ಳುತ್ತಾರೆ. ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಬಲವಂತವನ್ನೂ ಮಾಡುತ್ತಾರೆ. ಇಲ್ಲ ಅತ್ತಿಗೆ, ಯಾರೂ ಕೇಳುತ್ತಿರಲಿಲ್ಲ ಎಂದೆ.

ಕೇಳುತ್ತಿದ್ದರು ಎಂದು ಸುಳ್ಳು ಹೇಳಬಹುದಿತ್ತು.