ಮಗ್ಗುಲಿಗೆ ಮಲಗಲು ಬರುತ್ತಿದ್ದ ಮೌಶಿ

ಮೌಶಿಯ ಬಲಗಾಲು ಸಿಮೆಂಟು ಚೀಲದಷ್ಟು ಭಾರ. ಹಿಮ್ಮಡಿ ಒಡೆದು ಬಿರುಕುಗಳಲ್ಲಿ ಕಬ್ಬಿಣದ ಪುಡಿ ಕೂತು ಕಪ್ಪಗಾಗಿತ್ತು, ಕಲ್ಲು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕಾಲನ್ನು ನಿಮ್ಮ ತೊಡೆಯ ಮೇಲೆ ಹೇರಿದಳೆಂದರೆ ಮುಗಿಯಿತು. ಹೊರಳುವಂತಿಲ್ಲ, ಏಳುವಂತಿಲ್ಲ, ಬಿಕ್ಕಿ ಅಳಲಿಕ್ಕೂ ಉಸಿರು ಸಾಲದು. ಮಲಗಬೇಕು, ಅಷ್ಟೆ. ನಮ್ಮ ಓಣಿಯಲ್ಲಿ ಆ ಕಾಲಿನ ಕೆಳಗೆ ಒಮ್ಮೆಯಾದರೂ ಮಲಗದ ಹೆಂಗಸು ಕಡಿಮೆ.

ಆಕೆ ನನ್ನ ಸಂಬಂಧಿಕಳಲ್ಲ. ಬೀದರ ಕಡೆಯವಳು, ನಾನು ಕಲಬುರಗಿ ಕಡೆಯವಳು. ಇಬ್ಬರೂ ತೆಲುಗರ ದೊಡ್ಡ ಊರಿಗೆ ದುಡಿಯಲು ಬಂದವರು. ಅಲ್ಲಿಯ ಬಾಲಾನಗರದಲ್ಲಿ ನನ್ನ ಖೋಲಿಗೂ ಆಕೆಯ ಖೋಲಿಗೂ ನಡುವೆ ಒಂದೇ ಗೋಡೆ. ಅಂಗಳವೂ ಒಂದೇ, ನಲ್ಲಿಯೂ ಒಂದೇ. ವಯಸ್ಸಿನಲ್ಲಿ ದೊಡ್ಡವಳೆಂದು ಮೌಶಿ, ಅಂದರೆ ಚಿಕ್ಕಮ್ಮ, ಅಂದೆ. ಓಣಿಯ ತೆಲುಗರೂ ಮುಸಲ್ಮಾನರೂ ಮೌಶಿ ಅಂತಲೇ ಕರೆದರು.

ಆಕೆಯ ಕೆಲಸ ಒಂದು ಲೇತ್ ಶೆಡ್ಡಿನಲ್ಲಿ. ಮಷೀನಿನ ಕೆಳಗೆ ಬಿದ್ದ ಕಬ್ಬಿಣದ ಸಿಪ್ಪೆಯನ್ನು ಬಳಿದು ಚೀಲಕ್ಕೆ ತುಂಬುವುದು. ಊಟದ ಹೊತ್ತಿಗೆ ರೊಟ್ಟಿ ತಿಂದು ಅಲ್ಲೇ ಪ್ರೆಸ್ ಮಷೀನಿನ ಪಕ್ಕ ಒರಗುವಳು. ಮಷೀನು ಧಡ್ ಧಡ್ ಎಂದು ತಗಡು ಹೊಡೆಯುತ್ತಿರುತ್ತದೆ, ನೆಲ ನಡುಗುತ್ತಿರುತ್ತದೆ, ಈಕೆ ಗೊರಕೆ ಹೊಡೆಯುತ್ತಿರುವಳು. ಅಷ್ಟು ನಿದ್ದೆ ಯಾವ ಸಾಹುಕಾರನಿಗೂ ಇರಲಿಲ್ಲ. ಆ ನಿದ್ದೆಯನ್ನು ಆಕೆ ಹಂಚುತ್ತಿದ್ದಳು.

ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಂಗಸನ್ನು ಒಬ್ಬಳೇ ಮಲಗಲು ಬಿಡುವುದಿಲ್ಲ. ಯಾರಾದರೂ ಹೋಗಿ ಮಗ್ಗುಲಿಗೆ ಮಲಗುತ್ತಾರೆ. ಊರಲ್ಲಾದರೆ ಅಕ್ಕ, ತಂಗಿ, ನಾದಿನಿ ಇರುತ್ತಾರೆ. ದುಡಿಯಲು ಬಂದ ಕಡೆ ಯಾರಿರುತ್ತಾರೆ? ಮೌಶಿ ಇದ್ದಳು. ಸಾವಾದರೆ ಸರಿ, ಗಂಡ ಬಿಟ್ಟುಹೋದರೆ ಸರಿ, ಚೊಚ್ಚಲ ಬಾಣಂತಿ ಹೆದರಿದರೆ ಸರಿ, ಕರೆಯುವ ಮೊದಲೇ ಕಂಕುಳಲ್ಲಿ ಕೌದಿ ಹಿಡಿದು ಹೊರಡುವಳು.

ನನ್ನ ಖೋಲಿಗೂ ಹಾಗೇ ಬಂದಳು. ಅದು ಮಾಧಾಪುರ, ಗಚ್ಚಿಬೌಲಿ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ಜನರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ನನ್ನ ಗಂಡ ಕಂಪ್ಯೂಟರಿನವರ ಕಟ್ಟಡವೊಂದರ ಸಾರುವೆಯಿಂದ ಬಿದ್ದು ಸತ್ತ. ಮಣ್ಣು ಮಾಡಿ ಬಂದು ಕೂತಿದ್ದೆ. ಮೌಶಿ ಒಳಗೆ ಬಂದವಳೇ ಕೇಳಿದ್ದು ಒಂದೇ.

"ರೊಟ್ಟಿ ಐತೇನು?"

"ಯಾರ ಮಾಡಬೇಕು ಮೌಶಿ?"

ತಾನೇ ಹಿಟ್ಟು ನಾದಿ ಬಡಿದಳು. ಚೆನ್ನಾಗಿ ತಿಂದಳು. ನನ್ನ ಬಾಯಿಗೂ ಮುರಿದು ತುರುಕಿದಳು. ನಾನು ಆತ ಹೇಗೆ ಬಿದ್ದ, ಯಾರು ಮೊದಲು ನೋಡಿದರು ಎಂದು ಹೇಳಲು ಶುರು ಮಾಡಿದೆ. "ಮುಂಜಾನಿ ಹೇಳು. ನನಗ ಈಗ ಕೇಳಸಾಂಗಿಲ್ಲ," ಎಂದು ಕಾಲು ಹೇರಿ ಗೊರಕೆ ಶುರು ಮಾಡಿದಳು. ಗೊರಕೆಯಲ್ಲ, ಹಿಟ್ಟಿನ ಗಿರಣಿ. ಅದನ್ನು ಕೇಳುತ್ತ ಕೇಳುತ್ತ ನನಗೂ ನಿದ್ದೆ ಬಂತು. ಮುಂಜಾನೆ ಎದ್ದಾಗ ನನಗೇ ನಾಚಿಕೆಯಾಯಿತು.

"ಗಂಡ ಸತ್ತಾಕಿ ಹಿಂಗ ಮಲಗಿದೆನಲ್ಲ ಮೌಶಿ."

"ಸತ್ತಾಂವ ಅಂವ. ನೀ ಸತ್ತಿಲ್ಲಲ್ಲ," ಎಂದು ಕೌದಿ ಮಡಚಿದಳು.

ಸಮಾಧಾನದ ಮಾತು ಅಂತ ಆಕೆ ಆಡಿದ್ದು ಅಷ್ಟೇ. ನಾನು ನೆಟ್ಟಗಾಗುವವರೆಗೆ ಬಂದಳು. ಆಮೇಲೆ ಒಂದು ದಿನ, "ಇನ್ನ ನಿನ್ನ ಹಾಸಿಗಿ ನೀ ಕಾಯಿ," ಎಂದು ನಿಲ್ಲಿಸಿದಳು. ಆ ದಿನಗಳಲ್ಲಿ ಆಕೆ ಬಾರದಿದ್ದರೆ ನಾನು ಬಾವಿಯನ್ನೋ ರೈಲುಹಳಿಯನ್ನೋ ಹುಡುಕುತ್ತಿದ್ದೆ. ಇದನ್ನು ಆಕೆಗೆ ಹೇಳಿಲ್ಲ. ಆಕೆಗೆ ಗೊತ್ತಿತ್ತು.

ಆಕೆಗೆ ಒಬ್ಬನೇ ಮೊಮ್ಮಗ. ಮಗಳು ಹೆತ್ತು ಸತ್ತಳು, ಕೂಸನ್ನು ಈಕೆ ಸಾಕಿದಳು. ಅವನು ಬೆಳೆದು ಫೌಜಿಗೆ ಸೇರಿದ. ಓಣಿ ತುಂಬ ಹೇಳಿಕೊಂಡು ತಿರುಗಿದಳು: "ಅಲ್ಲಿ ಸೀಟಿ ಊದಿ ಎಬ್ಬಸ್ತಾರಂತ. ನನ್ನ ಮೊಮ್ಮಗ ಸೀಟಿಗಿ ಏಳಾಂವಲ್ಲ, ನನ್ನ ಮಗ್ಗಲಿಗೆ ಮಲಗಿ ಬೆಳದಾನ!"

ಆಮೇಲೆ ಕೊರೋನಾ ಬಂತು. ಶೆಡ್ಡು ಮುಚ್ಚಿತು. ಗಾಜಿನ ಕಟ್ಟಡದವರು ಮನೆಯಲ್ಲೇ ಕೂತು ಕಂಪ್ಯೂಟರ್ ಒತ್ತಿದರು, ಕಬ್ಬಿಣದ ಕೆಲಸ ಮನೆಯಲ್ಲಿ ಆಗುವುದಿಲ್ಲ. ಓಣಿಯ ಬಾಯಿಗೆ ಬೊಂಬು ಕಟ್ಟಿದರು. ಆಚೆ ಓಣಿಯ ಇಸ್ತ್ರಿಯವನು ದವಾಖಾನೆಯಲ್ಲಿ ಸತ್ತ, ಹೆಣ ಮನೆಗೆ ಬರಲಿಲ್ಲ. ಅವನ ಹೆಂಡತಿ ಒಬ್ಬಳೇ ಉಳಿದಳು. ಮೌಶಿ ಕೌದಿ ಹಿಡಿದು ಹೊರಟಳು. ಬೊಂಬಿನ ಹತ್ತಿರ ಪೊಲೀಸಿನವನು ತಡೆದ.

"ಅಮ್ಮಾ, ಎಕ್ಕಡಿಕಿ? ಘರ್ ಮೆ ಸೋ ಜಾ."

"ನನ್ನ ಮನ್ಯಾಗ ಯಾಕ ಮಲಗಲಿ? ಸತ್ತದ್ದು ಅಕಿ ಮನ್ಯಾಗ!" ಎಂದು ಕನ್ನಡದಲ್ಲೇ ಜೋರು ಮಾಡಿದಳು. ಅವನಿಗೆ ತಿಳಿಯಲಿಲ್ಲ, ತಿಳಿದಿದ್ದರೂ ಬಿಡುತ್ತಿರಲಿಲ್ಲ. ಮೌಶಿ ಬೊಂಬಿನ ಈಚೆ ನಿಂತು ಕೂಗಿದಳು: "ಏ ಬಾಯೀ, ಉಂಡೀ ಏನು?" ಆಚೆಯಿಂದ ಉತ್ತರ ಬರಲಿಲ್ಲ. ಮಡಚಿದ ಕೌದಿ ಮಡಚಿದಂತೆಯೇ ತಿರುಗಿ ಬಂದದ್ದು ಅದೇ ಮೊದಲು.

ಅದರ ಬೆನ್ನಿಗೇ ಗಡಿಯಲ್ಲಿ ಬಡಿದಾಟವಾಯಿತು. ನಮ್ಮ ಹುಡುಗರು ಸತ್ತಿದ್ದಾರೆಂದು ಟೀವಿಯವರು ಹೊಯ್ಕೊಂಡರು. ಮೌಶಿಯ ಮೊಮ್ಮಗ ಅಲ್ಲೇ ಎಲ್ಲೋ ಮೇಲೆ, ಹಿಮದಲ್ಲಿದ್ದ. ಎಲ್ಲಿ ಎಂದು ಅವರು ಹೇಳುವಂತಿಲ್ಲವಂತೆ. ಫೋನು ಹಚ್ಚಿದರೆ ಸ್ವಿಚ್ ಆಫ್ ಎಂದು ಒಬ್ಬ ಹೆಂಗಸು ಹೇಳುತ್ತಿದ್ದಳು. "ನಿನ್ನ ಯಾರ ಕೇಳ್ಯಾರ ಬೇ? ಅವನ್ನ ಕರಿ!" ಎಂದು ಮೌಶಿ ಆಕೆಯನ್ನು ಬೈದಳು. ನಾನು ನಕ್ಕೆ. ಆಕೆ ನಗಲಿಲ್ಲ.

ಗೋಡೆಯಾಚೆಯ ಗೊರಕೆ ನಿಂತುಹೋಯಿತು. ಇಷ್ಟು ವರ್ಷ ಅದನ್ನು ಕೇಳುತ್ತಲೇ ಮಲಗಿದವಳು ನಾನು. ಮೊದಲ ಸಲ ಎಚ್ಚರವಾದಾಗ ಆಕೆ ಸತ್ತಳೆಂದೇ ತಿಳಿದೆ. ಹೋಗಿ ನೋಡಿದರೆ ಗೋಡೆಗೆ ಒರಗಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಿದ್ದಿ ಹತ್ತವಲ್ದು," ಎಂದಳು. ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಿದಳು.

ನಾನೇ ಕೌದಿ ತಂದು ಆಕೆಯ ಮಗ್ಗುಲಿಗೆ ಮಲಗಿದೆ. ಆಕೆ ಮಾಡುತ್ತಿದ್ದ ಹಾಗೆ ಕಾಲು ಹೇರಿದೆ.

"ತಗಿ. ಕಟ್ಟಿಗಿ ಇದ್ದಂಗ ಐತಿ. ಚುಚ್ಚತೈತಿ."

ಕಾಲು ತೆಗೆದೆ. ಆಕೆಗೆ ಬರುತ್ತಿದ್ದ ವಿದ್ಯೆ ನನಗೆ ಬರಲಿಲ್ಲ. ನಾನು ಮಲಗಿದೆ, ಆಕೆ ಮಲಗಲಿಲ್ಲ.

ಬರಬರುತ್ತ ಮೌಶಿ ಬೇರೆ ಹೆಂಗಸಾದಳು. ರೊಟ್ಟಿಗೆ ಎರಡು ಸಲ ಉಪ್ಪು ಹಾಕುವಳು. ನಲ್ಲಿ ತಿರುಗಿಸಿ ಮರೆಯುವಳು. ಯಾರಾದರೂ ಬಾಗಿಲು ಬಡಿದರೆ ಎದೆ ಹಿಡಿದುಕೊಳ್ಳುವಳು. ಒಂದು ದಿನ ನಲ್ಲಿಯ ಹತ್ತಿರ ನಿಂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಓಣಿಯ ಹತ್ತಿರದ ಸರಕಾರಿ ಬಸ್ತಿ ದವಾಖಾನೆಯ ನರ್ಸಮ್ಮ ಬಂದು ದೊಡ್ಡ ಡಾಕ್ಟರಮ್ಮನಿಗೆ ಫೋನು ಹಚ್ಚಿಕೊಟ್ಟಳು. ಡಾಕ್ಟರಮ್ಮ ಕನ್ನಡದವಳೇ ಇದ್ದಳು.

"ಮನಸ್ಸಿಗೆ ಬೇಜಾರಿದೆಯೇನಮ್ಮ?"

"ಬ್ಯಾಸರಾ? ಬ್ಯಾಸರ ಪಡಾಕ ಟೈಮ್ ಎಲ್ಲೈತ್ರಿ."

"ಮತ್ತೇನಾಗ್ತಿದೆ?"

"ಏನೂ ಆಗವಲ್ದು. ಅದಽ ಆಗಾಕತ್ತೈತಿ."

ಈಕೆಗೆ ನಿದ್ದೆ ಇಲ್ಲವೆಂದು ನಾನೇ ಹೇಳಿದೆ. ಡಾಕ್ಟರಮ್ಮ ನಿದ್ದೆಯ ಗೋಲಿ ಬರೆದು, ಬಸ್ಸು ಶುರುವಾದಮೇಲೆ ಬಂದು ತೋರಿಸಿ ಎಂದಳು. ಗೋಲಿ ನಾನೇ ತಂದುಕೊಟ್ಟೆ. ಮೌಶಿ ಬೇಳೆ ಡಬ್ಬಿಯಲ್ಲಿ ಹಾಕಿಟ್ಟಳು, ತಿನ್ನಲಿಲ್ಲ. ಫೋನು ಬಂದಾಗ ಮಲಗಿಬಿಟ್ಟರೆ ಎಂಬ ಹೆದರಿಕೆ ಇರಬೇಕೆಂದುಕೊಂಡೆ.

ಕೊನೆಗೆ ಫೋನು ಬಂತು. ಹುಡುಗ ಬದುಕಿದ್ದ. ಅಂಗಳದಲ್ಲಿ ನಿಂತು ಆಕೆ ಮಾತಾಡಿದ್ದನ್ನು ನಾನೂ ಕೇಳಿದೆ. ಇನ್ನು ಈಕೆ ಮಲಗುತ್ತಾಳೆ ಅಂದುಕೊಂಡೆ. ಮಲಗಲಿಲ್ಲ. ನನಗೆ ಸಿಟ್ಟು ಬಂತು.

"ಈಗೇನ ಧಾಡಿ ನಿನಗ? ಹುಡುಗ ಅದಾನಲ್ಲ?"

"ಅದಾನ. ಆದ್ರ ಅವಗ ನಿದ್ದಿ ಇಲ್ಲಂತ. ಅಲ್ಲಿ ಯಾರಿಗೂ ಇಲ್ಲಂತ."

"ಅದಕ್ಕ ನೀ ಗೋಲಿ ಬಿಟ್ರ ಅವಗ ಬರತೈತೇನು?"

ಮೌಶಿ ದನಿ ತಗ್ಗಿಸಿದಳು. "ಒಂದು ಮನಿಗಿ ಇಷ್ಟಽ ನಿದ್ದಿ ಅಂತ ಇರತೈತಿ. ಇಷ್ಟು ವರ್ಷ ಎಲ್ಲಾ ನಾನಽ ತಿಂದೆ. ಈಗ ಅವಗ ಬಿಟ್ಟೀನಿ."

"ನಿದ್ದಿ ಏನು ರೇಷನ್ ಅಕ್ಕಿ ಏನು?"

"ಹೌದು. ರೇಷನ್ನಽ."

ಡಾಕ್ಟರಮ್ಮನಿಗೂ ಹೇಳಲಾಗದ ರೋಗ ಇದು. ತಲೆ ಕೆಟ್ಟಿದೆ ಎಂದು ಬೈದೆ. ಗೋಲಿ ಡಬ್ಬಿಯಲ್ಲೇ ಉಳಿಯಿತು.

ರೈಲು, ಬಸ್ಸು ಮತ್ತೆ ಓಡಲು ಹತ್ತಿದ ಮೇಲೆ ಮೊಮ್ಮಗ ರಜೆಯಲ್ಲಿ ಬಂದ. ಅಜ್ಜಿಗೆ ನಿದ್ದೆ ಹೋದದ್ದು ಓಣಿಯವರ ಬಾಯಿಂದ ಅವನ ಕಿವಿಗೂ ಬಿದ್ದಿತ್ತು. ಮುಖದ ಚರ್ಮ ಹಿಮಕ್ಕೆ ಸುಟ್ಟು ಕರಿಕಾಗಿತ್ತು. ಬಾಗಿಲಿಗೆ ಮುಖ ಮಾಡಿ, ಗೋಡೆಗೆ ಬೆನ್ನು ಹಚ್ಚಿಯೇ ಕೂರುತ್ತಿದ್ದ. ಅಷ್ಟರಲ್ಲಿ ಶೆಡ್ಡುಗಳು ತೆರೆದಿದ್ದವು. ಪ್ರೆಸ್ ಮಷೀನು ಒಂದು ಏಟು ಹಾಕಿದರೆ ಇವನ ಕೈ ಇಲ್ಲದ ಬಂದೂಕನ್ನು ತಡಕುತ್ತಿತ್ತು. ನನ್ನ ಕೈಯಿಂದ ಸೌಟು ಬಿದ್ದಾಗ ಧಡಕ್ಕನೆ ಎದ್ದು ನಿಂತೇಬಿಟ್ಟ. ಮಾತು ಕೇಳಿದರೆ ನಗುತ್ತಿದ್ದ, ಕಣ್ಣು ನಗುತ್ತಿರಲಿಲ್ಲ.

ಮೌಶಿ ಅವನನ್ನು ಏನೂ ಕೇಳಲಿಲ್ಲ. ಮಧ್ಯಾಹ್ನ ಉಣ್ಣಿಸಿ, "ಬಾ, ಬಿದ್ಕೋ," ಎಂದಳು. ಮೀಸೆ ಬಂದ ಫೌಜಿ, ಕೂಸಿನಂತೆ ಹೋಗಿ ಬಿದ್ದುಕೊಂಡ. ಕಾಲು ಹೇರಿದಳು. ಗೊರಕೆ ಶುರುವಾಯಿತು. ನನ್ನ ಖೋಲಿಯಲ್ಲಿ ಜೋಳ ಆರಿಸುತ್ತ ಕೂತಿದ್ದ ನನಗೆ ಆ ಸದ್ದು ಕೇಳಿ ಕೈ ನಿಂತಿತು. ಅಂತೂ ಮಲಗಿದಳಲ್ಲ, ಬದುಕಿದಳು ಎಂದುಕೊಂಡೆ.

ದಿನವೂ ಹಾಗೇ ನಡೆಯಿತು. ಒಂದು ಮಧ್ಯಾಹ್ನ ಜರಡಿ ಬೇಕಾಗಿ ಮೆಲ್ಲಗೆ ಬಾಗಿಲು ಸರಿಸಿದೆ. ಹುಡುಗ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಮೌಶಿಯ ಗಂಟಲಿಂದ ಗೊರಕೆ ಬರುತ್ತಿತ್ತು. ಕಣ್ಣು ಎರಡೂ ತೆರೆದಿದ್ದವು, ಮೇಲಿನ ತಗಡು ನೋಡುತ್ತಿದ್ದವು. ನನ್ನನ್ನು ಕಂಡಳು. ಗೊರಕೆ ತಪ್ಪಿಸದೆ, ತುಟಿಯ ಮೇಲೆ ಬೆರಳಿಟ್ಟಳು.

ಸಂಜೆ ನಲ್ಲಿಯ ಹತ್ತಿರ ಹಿಡಿದು ಕೇಳಿದೆ. "ಎಲ್ಲೀತನಕ ಈ ನಾಟಕ?"

"ಅಂವ ಹೋಗೂತನಕ."

"ಆಮ್ಯಾಲ ಅಲ್ಲಿ ಯಾರು ಗೊರಕಿ ಹೊಡೀಬೇಕು ಅವಗ? ಡಾಕ್ಟರಮ್ಮನ ಹತ್ರ ಕರಕೊಂಡು ನಡಿ. ಇಬ್ಬರೂ ನಡೀರಿ."

"ಫೌಜಿನಾಂವ ತಲಿ ಡಾಕ್ಟರ್ ಹತ್ರ ಹೋದ್ರ ನೌಕರಿ ಉಳೀತೈತೇನು? ಮಂದಿ ಹುಚ್ಚ ಅಂತಾರ." ಕೊಡ ಕೆಳಗಿಟ್ಟು ನನ್ನ ರಟ್ಟೆ ಹಿಡಿದಳು. "ನಾ ಮಲಗಿಲ್ಲ ಅಂತ ಅವಗ ಹೇಳಬ್ಯಾಡ. ನನ್ನ ಆಣಿ ಐತಿ."

ಹೇಳಲಿಲ್ಲ. ಹೋಗುವ ದಿನ ಹುಡುಗ ನನ್ನ ಕಾಲಿಗೆ ಬಿದ್ದು, "ಅಜ್ಜಿ ಚಲೋ ಮಲಗ್ಯಾಳ ಈಗ. ಚಿಂತಿ ಇಲ್ಲ," ಎಂದ. ಮೌಶಿ ಪಕ್ಕದಲ್ಲಿ ನಿಂತಿದ್ದಳು. ನಾನು ಹೂಂ ಎಂದೆ.

ಅವನು ಹೋದಮೇಲೆ ಆಕೆ ಪೂರ್ತಿ ಬಡಕಲಾದಳು. ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೊರೋನಾ ಎರಡನೆಯ ಸಲ ಬಂದಾಗ ಮೊದಲ ಏಟಿಗೇ ಸಿಕ್ಕಳು. ಜ್ವರ, ಆಮೇಲೆ ದಮ್ಮು. ಆಟೋದಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಒಯ್ದೆ. ಬಾಗಿಲಲ್ಲೇ ಆಕೆಯನ್ನು ಒಳಗೆ ತೆಗೆದುಕೊಂಡು ನನ್ನನ್ನು ಹೊರಗೆ ಹಾಕಿದರು. ಮಗ್ಗುಲಿಗೆ ಯಾರೂ ಇರುವಂತಿಲ್ಲ ಎಂದರು.

ಮುಂದೊಂದು ದಿನ ಅಲ್ಲಿಂದ ನರ್ಸು ಫೋನು ಮಾಡಿ, ಹೋದರು ಎಂದಳು. ನಾನು ಕೇಳಿದ್ದು ಒಂದೇ.

"ಮಲಗಿದ್ಳೇನಮ್ಮ?"

"ಉಸಿರಿನ ಮಷೀನು ಹಾಕೋಕೆ ಇಂಜೆಕ್ಷನ್ ಕೊಟ್ಟು ಮಲಗಿಸಿದ್ವಿ. ಆಮೇಲೆ ಏಳಲಿಲ್ಲ."

ಸುಡುವುದನ್ನೂ ಅವರೇ ಮಾಡಿದರು. ನಾನು ಮುಖ ನೋಡಲಿಲ್ಲ. ಮನೆಗೆ ಬಂದು ಬೇಳೆ ಡಬ್ಬಿಯ ಗೋಲಿಗಳನ್ನು ಮೋರಿಗೆ ಚೆಲ್ಲಿದೆ. ಆಕೆ ತಿಂದಿದ್ದರೆ ಬದುಕುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಮೈಯಲ್ಲಿ ಕಸುವಾದರೂ ಇರುತ್ತಿತ್ತು.

ಮೊಮ್ಮಗನಿಗೆ ರಜೆ ಸಿಗಲಿಲ್ಲ. ಫೋನು ಮಾಡಿ ಅತ್ತ. ನನಗೂ ಅವನು ಅಜ್ಜಿ ಅಂತಲೇ ಅನ್ನುತ್ತಿದ್ದ. ಅಳುವುದು ಮುಗಿದ ಮೇಲೆ, "ನನಗ ಮತ್ತ ನಿದ್ದಿ ಹೋಗೈತಿ ಅಜ್ಜಿ," ಎಂದ. "ಕಣ್ಣು ಮುಚ್ಚಿದ್ರ ಅದಽ ಬರತೈತಿ." ಏನು ಬರುತ್ತದೆ ಎಂದು ನಾನು ಕೇಳಲಿಲ್ಲ.

"ಡಾಕ್ಟರಗ ತೋರಿಸಿದೇನು?"

"ಇಲ್ಲ. ಹೆಂಗೋ ತಡಕೋತೀನಿ. ರಜಾಕ್ಕ ಬಂದಾಗ ಗೋಲಿ ಇಲ್ದನಽ ಮಲಗಿದೆನಲ್ಲ. ಅಜ್ಜಿನೂ ಹಂಗಽ ಆರಾಮ ಆದ್ಳಲ್ಲ."

ನನ್ನ ಗಂಡ ಸತ್ತಾಗ ನನ್ನನ್ನು ಹಿಡಿದಿಟ್ಟವಳು ಆಕೆ. ಆಕೆಯ ಸಾಲ ನನ್ನ ಮೈಮೇಲಿದೆ. ಆಕೆಯ ಆಣೆಯೂ ಇತ್ತು. ಸಾಲ ತೀರಿಸಬೇಕೆಂದರೆ ಆಣೆ ಮುರಿಯಲೇಬೇಕಿತ್ತು.

"ಅಕಿ ಆರಾಮ ಆಗಿದ್ದಿಲ್ಲ," ಎಂದೆ. "ನೀ ಇರೂತನಕ ಒಂದು ದಿನಾನೂ ಮಲಗಿಲ್ಲ. ನೀ ಮಲಗಲಿ ಅಂತ ಕಣ್ಣು ತಕ್ಕೊಂಡು ಗೊರಕಿ ಹೊಡದ್ಳು. ನಾ ಕಣ್ಣಾರೆ ನೋಡೀನಿ. ನಿನ್ನ ನಿದ್ದಿಗಿ ಅಕಿ ಕೊಟ್ಟದ್ದು ಅಷ್ಟು. ನೀನೂ ಹಿಂಗ ಕುಂತು ಸಾಯಬ್ಯಾಡ."

ಅವನ ಹಿಂದೆ ಗಾಳಿ ಬೀಸುತ್ತಿತ್ತು. ಫೋನು ಕಟ್ಟಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ.

"ಡಾಕ್ಟರಗ ಏನಂತ ಹೇಳಬೇಕು ಅಜ್ಜಿ?"

"ನಿದ್ದಿ ಹತ್ತವಲ್ದು ಅಂತ ಹೇಳು," ಎಂದೆ. "ಅಷ್ಟು ಹೇಳಾಕ ಏನೂ ನಾಚಿಕಿ ಇಲ್ಲ."